ಪಹಣಿಯಲ್ಲಿ ಹೆಸರಿಲ್ಲದವರ ಇತಿಹಾಸ

ಬಿ.ಎ. ತರಗತಿಯಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡುವಾಗ ಮೆಕ್ಸಿಕೋ ಯುದ್ಧ ಹೆಚ್ಚೆಂದರೆ ಅರ್ಧ ಗಂಟೆಯ ವಿಷಯ. 1846ರಲ್ಲಿ ಶುರು, 1848ರಲ್ಲಿ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ, ಕ್ಯಾಲಿಫೋರ್ನಿಯಾದಿಂದ ನ್ಯೂ ಮೆಕ್ಸಿಕೋವರೆಗಿನ ನೆಲ ಅಮೆರಿಕದ ಪಾಲು. ಇಷ್ಟು ಬರೆದರೆ ಐದು ಅಂಕ. ಆ ನೆಲದ ಮೇಲೆ ಮೊದಲೇ ಮನೆ ಕಟ್ಟಿಕೊಂಡು, ದನ ಮೇಯಿಸಿಕೊಂಡು ಇದ್ದ ಜನ ಆಮೇಲೆ ಏನಾದರು? ನಮ್ಮ ಸಿಲಬಸ್ ಇದನ್ನು ಕೇಳುವುದಿಲ್ಲ. ರೊಡಾಲ್ಫೊ ಅಕುನ್ಯಾ ಅನ್ನುವ ಇತಿಹಾಸಕಾರರು ಕೇಳಿದರು. ದಶಕಗಟ್ಟಲೆ ಅದನ್ನೇ ಕೇಳುತ್ತಾ ಬಂದರು.

ಅಕುನ್ಯಾ ಹುಟ್ಟಿದ್ದು 1932ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದಲ್ಲೇ ಬೆಳೆದ ಮೆಕ್ಸಿಕನ್ ಮೂಲದವರು, ಅದರಲ್ಲೂ ಅರವತ್ತರ ದಶಕದ ಹಕ್ಕಿನ ಹೋರಾಟದ ಜೊತೆ ನಿಂತವರು, ತಮ್ಮನ್ನು ಚಿಕಾನೋ ಅಂತ ಕರೆದುಕೊಂಡರು. ಅಕುನ್ಯಾ ಅಂಥವರಲ್ಲಿ ಒಬ್ಬರು. 1969ರಲ್ಲಿ ಸ್ಯಾನ್ ಫರ್ನಾಂಡೊ ವ್ಯಾಲಿ ಸ್ಟೇಟ್ ಕಾಲೇಜಿನಲ್ಲಿ, ಅಂದರೆ ಇವತ್ತಿನ ನಾರ್ತ್‌ರಿಡ್ಜ್ ವಿಶ್ವವಿದ್ಯಾಲಯದಲ್ಲಿ, ಚಿಕಾನೋ ಅಧ್ಯಯನ ವಿಭಾಗ ಕಟ್ಟಿದರು. 1972ರಲ್ಲಿ ಅವರ ಪುಸ್ತಕ 'ಆಕ್ಯುಪೈಡ್ ಅಮೆರಿಕ' ಬಂತು. ತಾನು ಚಳವಳಿಯವನು ಅನ್ನುವುದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ. ಇತಿಹಾಸಕಾರ ಪಕ್ಷ ಹಿಡಿಯಬಾರದು ಅಂತ ನಮಗೆ ಎಂ.ಎ.ಯಲ್ಲಿ ಹೇಳಿಕೊಡುತ್ತಾರೆ. ಅದನ್ನು ನಾನು ಈಗ ಒಪ್ಪುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮಂಡ್ಯದವರಿಗೆ ಇದು ಬೇರೆ ಯಾರಿಗಿಂತಲೂ ಬೇಗ ಅರ್ಥ ಆಗುತ್ತದೆ ಅನ್ನೋದು ನನ್ನ ನಂಬಿಕೆ.

ಮೊದಲು ಜಮೀನಿನ ವಿಷಯ.

1848ರ ಒಪ್ಪಂದದಲ್ಲಿ ಅಲ್ಲಿನ ಮೆಕ್ಸಿಕನ್ನರ ಆಸ್ತಿಗೆ ರಕ್ಷಣೆ ಕೊಡುತ್ತೇವೆ ಅಂತ ಇತ್ತು. ಮೆಕ್ಸಿಕೋ ಸರ್ಕಾರ ಹಿಂದೆ ಕೊಟ್ಟಿದ್ದ ಭೂ ದಾನಗಳನ್ನು ಮಾನ್ಯ ಮಾಡುವ 10ನೇ ಕಲಮೂ ಕರಡಿನಲ್ಲಿತ್ತು. ಅಮೆರಿಕದ ಸೆನೆಟ್ ಆ ಕಲಮನ್ನು ಪೂರ್ತಿ ತೆಗೆದುಹಾಕಿತು. ಆಮೇಲೆ 1851ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಅಂತಲೇ ಒಂದು ಭೂ ಕಾಯ್ದೆ ಬಂತು. ನಿಮ್ಮ ಜಮೀನು ನಿಮ್ಮದೇ ಅಂತ ಮೂವರು ಕಮಿಷನರ್‌ಗಳ ಮುಂದೆ ನೀವೇ ಸಾಬೀತು ಮಾಡಬೇಕು. ಕಾಗದ ಸ್ಪ್ಯಾನಿಷ್‌ನಲ್ಲಿ, ವಿಚಾರಣೆ ಇಂಗ್ಲಿಷ್‌ನಲ್ಲಿ. ಹಳೆಯ ನಕ್ಷೆಯಲ್ಲಿ ಗಡಿ ಅಂದರೆ ಒಂದು ಮರ, ಒಂದು ಹಳ್ಳ, ಒಂದು ಗುಡ್ಡ. 800ಕ್ಕೂ ಜಾಸ್ತಿ ಅರ್ಜಿಗಳು ಬಂದವು. ತುಂಬ ಅರ್ಜಿಗಳು ಕಮಿಷನ್ ಮುಂದೆ ಗೆದ್ದವು ಕೂಡ. ಆದರೆ ಅಲ್ಲಿಂದ ಮೇಲ್ಮನವಿ, ಮತ್ತೆ ಕೋರ್ಟು, ಮತ್ತೆ ಸರ್ವೆ ಅಂತ ಹತ್ತಾರು ವರ್ಷ ಎಳೆದು, ವಕೀಲರ ಫೀಸಿಗೆ ಜಮೀನನ್ನೇ ಬರೆದುಕೊಟ್ಟು, ಕೊನೆಗೆ ಪಟ್ಟಾ ಕೈಗೆ ಬರುವ ಹೊತ್ತಿಗೆ ಕೈಯಲ್ಲಿ ನೆಲವೇ ಉಳಿದಿರಲಿಲ್ಲ. ಬಂದೂಕು ತೋರಿಸಿ ಕಿತ್ತುಕೊಂಡ ಜಮೀನಿಗಿಂತ ಫೈಲು ತೋರಿಸಿ ಕಿತ್ತುಕೊಂಡದ್ದು ಕಡಿಮೆಯೇನಲ್ಲ.

ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ನಮ್ಮಲ್ಲಿ 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂತು. ಗೇಣಿ ರದ್ದಾಯಿತು. ಉಳುತ್ತಿದ್ದವರು ಫಾರಂ ನಂ. 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ಅದನ್ನು ತೀರ್ಮಾನ ಮಾಡಬೇಕು. ಆ ಮಂಡಳಿಯ ಮುಂದೆ ವಕೀಲರಿಗೆ ಅವಕಾಶ ಇರಲಿಲ್ಲ. ಕ್ಯಾಲಿಫೋರ್ನಿಯಾದ ಕಥೆ ಓದಿದ ಮೇಲೆ ಈ ಒಂದು ನಿಯಮ ಎಷ್ಟು ದೊಡ್ಡದು ಅಂತ ನನಗೆ ತಿಳಿಯಿತು. ಪಹಣಿಯಲ್ಲಿ ಧಣಿಯ ಹೆಸರಿದ್ದರೂ, ಈ ಗದ್ದೆ ಉಳುತ್ತಿದ್ದವನು ಇವನೇ ಅಂತ ಪಕ್ಕದ ಹೊಲದವನು ಎದ್ದು ನಿಂತು ಹೇಳಿದರೆ ಆ ಮಾತಿಗೆ ಬೆಲೆ ಇತ್ತು. ಕಾಗದದಲ್ಲಿ ಇಲ್ಲದವನು ಬಾಯಿಮಾತಿನಿಂದ ಕಾಗದದೊಳಕ್ಕೆ ಬರಬಹುದಿತ್ತು.

ನಮ್ಮ ತಾತ ಅರ್ಜಿ ಹಾಕಲಿಲ್ಲ. ವಾರಕ್ಕೆ ಗದ್ದೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಧಣಿ ಮನೆಗೆ ಹೋಗುತ್ತಿತ್ತು. 'ಅವರ ಅನ್ನ ತಿಂದು ಅವರ ಮೇಲೇ ಅರ್ಜಿ ಹಾಕಾದಾ' ಅಂತ ಹೇಳಿದರಂತೆ. ಅದೇ ವರ್ಷ ಆ ಗದ್ದೆ ಬಿಡಿಸಿದರು. ಅಜ್ಜಿ ಇದನ್ನು ಹೇಳುವಾಗ ತಾತನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ, ಅರ್ಜಿಯಲ್ಲಿ ತನ್ನ ಹೆಸರು ಹಾಕಬಹುದು ಅಂತ ತನಗೆ ಯಾರೂ ಹೇಳಲಿಲ್ಲವಲ್ಲ ಅಂತ ಸಿಟ್ಟು. ನಾಟಿ ಹಾಕಿದ್ದು, ಕಳೆ ಕಿತ್ತದ್ದು, ಕುಯ್ದದ್ದು ಎಲ್ಲ ಅಜ್ಜಿಯೇ. ನಾನು ನೋಡಿದ ಹಳೆಯ ಫಾರಂಗಳಲ್ಲಿ ಹೆಂಗಸರ ಹೆಸರು ತುಂಬ ಅಪರೂಪ.

ಇನ್ನೊಂದು ಮಾತು ಹೇಳಲೇಬೇಕು, ಅದನ್ನು ಹೇಳದೆ ಅರಸರನ್ನು ಹೊಗಳಿ ಮುಗಿಸಿದರೆ ಅದು ಅರ್ಧ ಇತಿಹಾಸ. 1974ರಲ್ಲಿ ನೆಲ ಸಿಕ್ಕಿದ್ದು ಗೇಣಿದಾರನಿಗೆ. ಕೂಲಿಗೆ ಹೋಗುತ್ತಿದ್ದವನು ಗೇಣಿದಾರನಲ್ಲ. ನಮ್ಮ ಕಡೆ ಆ ಕೂಲಿಯವರಲ್ಲಿ ಬಹಳಷ್ಟು ಜನ ದಲಿತರು. ಉಳುವವನೇ ಹೊಲದೊಡೆಯ ಅನ್ನುವ ಘೋಷಣೆ ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಇನ್ನೊಬ್ಬರ ಹೊಲದಲ್ಲಿ ದಿನಗೂಲಿಗೆ ಉತ್ತವನಿಗೆ ಫಾರಂ 7ರಲ್ಲಿ ಜಾಗವೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಹಾಗೆಯೇ. 1851ರ ಕಾಯ್ದೆಯಿಂದ ಜಮೀನು ಕಳೆದುಕೊಂಡ ದೊಡ್ಡ ರಾಂಚ್, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನ, ಮಾಲೀಕರ ದುಃಖ ನಿಜ. ಆದರೆ ಅವರ ರಾಂಚ್‌ಗಳಲ್ಲಿ ದುಡಿದದ್ದು ಮೂಲನಿವಾಸಿ ಇಂಡಿಯನ್ನರು, ಆ ನೆಲ ಅದಕ್ಕೂ ಮೊದಲು ಅವರದ್ದು. ಕಮಿಷನ್ ಮುಂದೆ ಅರ್ಜಿ ಹಿಡಿದು ನಿಲ್ಲುವ ಸ್ಥಿತಿಯಲ್ಲಿ ಅವರು ಇರಲೇ ಇಲ್ಲ. ಅನ್ಯಾಯಕ್ಕೆ ಒಳಗಾದವರ ಪಟ್ಟಿಯಲ್ಲೂ ಕೊನೆಯ ಹೆಸರು ಬಿಟ್ಟುಹೋಗುತ್ತದೆ.

ದ್ರಾಕ್ಷಿ ಮುಷ್ಕರದ ಕಥೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಡಿಲೇನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಶುರುವಾಯಿತು, ಐದು ವರ್ಷ ನಡೆಯಿತು, ದ್ರಾಕ್ಷಿ ಕೊಳ್ಳಬೇಡಿ ಅಂತ ದೇಶಕ್ಕೆ ದೇಶವೇ ಮಾತಾಡಿತು, 1970ರಲ್ಲಿ ತೋಟದ ಮಾಲೀಕರು ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಯಾರನ್ನು ಕೇಳಿದರೂ ಸೀಸರ್ ಚಾವೆಜ್ ಹೆಸರು ಹೇಳುತ್ತಾರೆ, ಸ್ವಲ್ಪ ಓದಿದವರು ಡೊಲೊರೆಸ್ ವೆರ್ಟಾ ಹೆಸರನ್ನೂ ಹೇಳುತ್ತಾರೆ. ಆದರೆ ಸೆಪ್ಟೆಂಬರ್ 8ರಂದು ಮೊದಲು ಕೆಲಸ ನಿಲ್ಲಿಸಿದ್ದು ಫಿಲಿಪೀನ್ಸ್‌ನಿಂದ ಬಂದಿದ್ದ ಕೂಲಿಗಳು. ಅವರ ಮುಂದಾಳು ಲ್ಯಾರಿ ಇಟ್ಲಿಯಾಂಗ್. ಅವರಲ್ಲಿ ಎಷ್ಟೋ ಜನ ವಯಸ್ಸಾದವರು, ಮದುವೆಯಾಗದೆ ಕ್ಯಾಂಪ್‌ಗಳಲ್ಲೇ ಜೀವನ ಕಳೆದವರು, ಯಾಕೆಂದರೆ ಅವರು ಹರೆಯದಲ್ಲಿದ್ದಾಗ ಬಿಳಿ ಹೆಂಗಸರನ್ನು ಮದುವೆಯಾಗುವುದಕ್ಕೆ ಕ್ಯಾಲಿಫೋರ್ನಿಯಾದ ಕಾನೂನೇ ಬಿಡುತ್ತಿರಲಿಲ್ಲ. ಹಿಂದೆಲ್ಲ ಮಾಲೀಕರು ಫಿಲಿಪಿನೋಗಳು ಮುಷ್ಕರ ಮಾಡಿದರೆ ಮೆಕ್ಸಿಕನ್ನರನ್ನು ತರುತ್ತಿದ್ದರು, ಮೆಕ್ಸಿಕನ್ನರು ಮಾಡಿದರೆ ಫಿಲಿಪಿನೋಗಳನ್ನು. ಈ ಸಲ ಸೆಪ್ಟೆಂಬರ್ 16ರಂದು ಚರ್ಚ್ ಸಭಾಂಗಣದಲ್ಲಿ ಸೇರಿದ ಮೆಕ್ಸಿಕನ್ ಕೂಲಿಗಳು ನಾವೂ ಬರುತ್ತೇವೆ ಅಂತ ಕೈ ಎತ್ತಿದರು. ಇಡೀ ಮುಷ್ಕರ ಗೆದ್ದದ್ದು ಆ ಒಂದು ನಿರ್ಧಾರದಿಂದ ಅಂತ ನನಗೆ ಅನ್ನಿಸುತ್ತದೆ. ಇಟ್ಲಿಯಾಂಗ್ ಹೆಸರಿನಲ್ಲಿ ಕ್ಯಾಲಿಫೋರ್ನಿಯಾ ಒಂದು ದಿನ ಆಚರಿಸುವುದಕ್ಕೆ 2015ರವರೆಗೆ ಕಾಯಬೇಕಾಯಿತು.

ಅಷ್ಟಕ್ಕೂ ಈ ಕೂಲಿಗಳಿಗೆ ಸಂಘ ಕಟ್ಟುವ ಕಾನೂನಿನ ರಕ್ಷಣೆ ಇರಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಬಂದ ಕಾರ್ಮಿಕ ಸಂಬಂಧಗಳ ಕಾಯ್ದೆ ಹೊಲದ ಕೂಲಿಯವರನ್ನು ಮತ್ತು ಮನೆಗೆಲಸದವರನ್ನು ಹೊರಗಿಟ್ಟಿತ್ತು. ನ್ಯೂ ಡೀಲ್ ಅಂತ ರೂಸ್‌ವೆಲ್ಟ್ ಸುಧಾರಣೆಗಳನ್ನು ನಾವು ಪಾಠದಲ್ಲಿ ಹೊಗಳುತ್ತೇವಲ್ಲ, ಅದರಲ್ಲೇ.

ಗುದ್ದಲಿಯ ವಿಷಯ ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಜಾಸ್ತಿ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಸೊಪ್ಪಿನ ಹೊಲ, ಬೀಟ್ ಹೊಲಗಳಲ್ಲಿ ಕಳೆ ತೆಗೆಯುವುದಕ್ಕೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಹಿಡಿ ಎರಡಡಿಗಿಂತ ಚಿಕ್ಕದು. ಸೊಂಟ ಬಗ್ಗಿಸದೆ ಅದು ನೆಲಕ್ಕೆ ಎಟುಕುವುದಿಲ್ಲ. ಉದ್ದ ಹಿಡಿಯದು ಕೊಟ್ಟರೆ ಬೆಳೆ ಹಾಳಾಗುತ್ತದೆ ಅನ್ನುವುದು ಮಾಲೀಕರ ವಾದ. ಕೂಲಿಯವರು ಹೇಳುತ್ತಿದ್ದ ಕಾರಣ ಬೇರೆ: ಗಿಡ್ಡ ಗುದ್ದಲಿ ಇದ್ದರೆ ಯಾರು ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡಿದರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ಡಾಕ್ಟರುಗಳು ಬಂದು ಬೆನ್ನುಮೂಳೆ ಹೇಗೆ ಸವೆಯುತ್ತದೆ ಅಂತ ಸಾಕ್ಷಿ ಹೇಳಿದ ಮೇಲೆ, ಕೋರ್ಟಿನವರೆಗೂ ಹೋಗಿ, 1975ರಲ್ಲಿ ಅದು ನಿಷೇಧವಾಯಿತು. ಈ ಪಾಠ ಕೇಳಿ ಮಳವಳ್ಳಿ ಕಡೆಯ ಒಬ್ಬ ಹುಡುಗಿ, 'ಮೇಡಂ, ನಮ್ಮವ್ವನಿಗೆ ಸೊಂಟ ಹಿಡ್ಕೊಂಡು ಎಷ್ಟು ವರ್ಷ ಆಯ್ತು, ಅದನ್ನ ಯಾರೂ ಯಾವತ್ತೂ ಬರ್ಕೊಂಡಿಲ್ಲ' ಅಂದಳು. ನಾಟಿಗೆ ಹೋಗುವ ಹೆಂಗಸರ ಸೊಂಟ ನೋವು ನಮ್ಮಲ್ಲಿ ವಯಸ್ಸಿನ ಲಕ್ಷಣ. ಅಲ್ಲಿ ಅದು ಹಕ್ಕಿನ ಪ್ರಶ್ನೆ ಆಯಿತು, ಯಾಕೆಂದರೆ ಯಾರೋ ಅದನ್ನು ಬರೆದುಕೊಂಡರು, ಲೆಕ್ಕ ಇಟ್ಟರು, ಕೋರ್ಟಿನ ಮೇಜಿನ ಮೇಲೆ ಇಟ್ಟರು.

ಶಾಲೆಯ ವಿಷಯಕ್ಕೆ ಬರುತ್ತೇನೆ. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಬಾರದು ಅನ್ನುವ 1954ರ ಬ್ರೌನ್ ತೀರ್ಪು ಎಲ್ಲರಿಗೂ ಗೊತ್ತು. ಅದಕ್ಕಿಂತ ಏಳೆಂಟು ವರ್ಷ ಮೊದಲೇ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಮೆಂಡೆಜ್ ಕುಟುಂಬ ಅಂಥದ್ದೇ ಕೇಸು ಗೆದ್ದಿತ್ತು. ವೆಸ್ಟ್‌ಮಿನ್‌ಸ್ಟರ್ ಊರಿನ ಶಾಲೆಗೆ ಮೆಂಡೆಜ್ ಮಕ್ಕಳ ಅತ್ತೆ ತನ್ನ ಮಕ್ಕಳನ್ನೂ ಅಣ್ಣನ ಮಕ್ಕಳನ್ನೂ ಒಟ್ಟಿಗೆ ಸೇರಿಸಲು ಹೋದರು. ಅವರ ಮಕ್ಕಳು ಬೆಳ್ಳಗಿದ್ದರು, ಮನೆತನದ ಹೆಸರು ವಿಡೌರಿ ಅಂತ ಇತ್ತು, ಸೇರಿಸಿಕೊಂಡರು. ಅಣ್ಣನ ಮಕ್ಕಳು ಕಪ್ಪಗಿದ್ದರು, ಹೆಸರು ಮೆಂಡೆಜ್, ಆಗಲ್ಲ ಅಂದರು. ಒಂದೇ ಮನೆಯ ಮಕ್ಕಳು. ಅಪ್ಪ ಗೊಂಜಾಲೊ ಮತ್ತು ಅಮ್ಮ ಫೆಲಿಸಿಟಾಸ್ ಬೇರೆ ತಂದೆತಾಯಿಗಳನ್ನೂ ಸೇರಿಸಿಕೊಂಡು ಕೋರ್ಟಿಗೆ ಹೋದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಅವರು ಆಗ ಗುತ್ತಿಗೆಗೆ ಮಾಡುತ್ತಿದ್ದ ತೋಟ ಒಂದು ಜಪಾನಿ ಮೂಲದ ಕುಟುಂಬದ್ದು. ಯುದ್ಧದ ಕಾಲದಲ್ಲಿ ಆ ಕುಟುಂಬವನ್ನು ಸರ್ಕಾರ ಶಿಬಿರದಲ್ಲಿ ಕೂಡಿಹಾಕಿತ್ತು. ಆ ತೋಟದ ಆದಾಯವೇ ಕೇಸಿನ ಖರ್ಚಿಗೂ ಆಯಿತು. ಒಬ್ಬರ ಮೇಲಾದ ಅನ್ಯಾಯ ಇನ್ನೊಬ್ಬರ ನ್ಯಾಯಕ್ಕೆ ಹೀಗೆ ಹೆಣೆದುಕೊಂಡಿರುವುದನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ. ಇದನ್ನು ನಯ ಮಾಡಿ ಹೇಳಬಾರದು, ಇದ್ದ ಹಾಗೇ ಹೇಳಬೇಕು.

ಮಂಡ್ಯದಲ್ಲಿ ಕಬ್ಬು ಕಟಾವಿನ ಕಾಲಕ್ಕೆ ಬಳ್ಳಾರಿ ಕಡೆಯಿಂದ ಬರುವ ಗುಂಪುಗಳನ್ನು ಎಲ್ಲರೂ ನೋಡಿದ್ದೀರಿ. ಗದ್ದೆ ಬದಿಯಲ್ಲಿ ಟಾರ್ಪಾಲಿನ ಗುಡಿಸಲು. ಆಲೆಮನೆಗಳಲ್ಲಿ ಈಗ ಉತ್ತರ ಭಾರತದ ಹುಡುಗರೇ ಜಾಸ್ತಿ. ಆ ಗುಡಿಸಲುಗಳ ಮಕ್ಕಳು ಬೆಳಿಗ್ಗೆ ಶಾಲೆ ಹೊತ್ತಿನಲ್ಲಿ ಸೋಗೆ ಎಳೆಯುತ್ತಾ ಇರುತ್ತಾರೆ. ಅವರನ್ನು ಬರಬೇಡಿ ಅಂತ ನಮ್ಮ ಶಾಲೆಗಳು ಹೇಳುವುದಿಲ್ಲ, ನಿಜ. ಬನ್ನಿ ಅಂತ ಹೇಳುವವರೂ ಕಡಿಮೆ. ನಾವು ಅವರನ್ನು ಹೊರಗಿನವರು ಅಂತ ಕರೆಯುತ್ತೇವೆ, ನಮ್ಮ ಕಬ್ಬು ಕಡಿಯುವವರು ಅವರೇ.

1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳಿಂದ ಸಾವಿರಾರು ಮೆಕ್ಸಿಕನ್ ಮೂಲದ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಅವರ ಬೇಡಿಕೆ ಪಟ್ಟಿ ಓದಿ: ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಬೇಡ, ಊಟದ ಹೊತ್ತಿನಲ್ಲಿ ಶೌಚಾಲಯಕ್ಕೆ ಬೀಗ ಹಾಕಬೇಡಿ, ಕಾಲೇಜಿಗೆ ಹೋಗುವ ಪಾಠ ಕೊಡಿ, ನಮ್ಮವರ ಇತಿಹಾಸ ಪುಸ್ತಕದಲ್ಲಿ ಇರಲಿ. ಶೌಚಾಲಯದ ಬೀಗವೂ ಇತಿಹಾಸದ ಪಾಠವೂ ಒಂದೇ ಪಟ್ಟಿಯಲ್ಲಿ. ಆ ಮಕ್ಕಳಿಗೆ ಎರಡೂ ಮರ್ಯಾದೆಯ ಪ್ರಶ್ನೆ. ಅವರ ಜೊತೆ ನಿಂತ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಸೇರಿ 13 ಜನರ ಮೇಲೆ ಸಂಚಿನ ಕೇಸು ಹಾಕಿದರು. ಆಮೇಲೆ ಕೇಸು ಬಿದ್ದುಹೋಯಿತು. ಮಾರನೇ ವರ್ಷ ಅಕುನ್ಯಾ ಕಟ್ಟಿದ ವಿಭಾಗ ಈ ಬೀದಿಯಿಂದಲೇ ಬಂದದ್ದು.

ಮೈಸೂರಿನಲ್ಲೂ ಹೆಚ್ಚುಕಡಿಮೆ ಅದೇ ಕಾಲ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು. ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಮಂತ್ರಿಯೂ ಅವರೇ. ಅವರು ಎತ್ತಿದ ಪ್ರಶ್ನೆ, ಈ ಪುಸ್ತಕಗಳಲ್ಲಿ ನಾವು ಎಲ್ಲಿದ್ದೇವೆ ಅನ್ನೋದು, ಲಾಸ್ ಏಂಜಲೀಸ್‌ನ ಮಕ್ಕಳ ಪ್ರಶ್ನೆಯೇ ಅಲ್ವಾ? ಆ ಗಾಯದಿಂದ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಅಶೋಕಪುರಂನಲ್ಲಿ, ಮಾನಸಗಂಗೋತ್ರಿಯ ಹಾಸ್ಟೆಲ್‌ಗಳಲ್ಲಿ ಒಂದು ತಲೆಮಾರು ಓದಲು, ಬರೆಯಲು, ಜಗಳ ಆಡಲು ಕಲಿಯಿತು. ಆ ತಲೆಮಾರಿನ ತುಂಬ ಜನ ಈಗ ಎಪ್ಪತ್ತು ದಾಟಿದ್ದಾರೆ.

ಅಕುನ್ಯಾ ಪಕ್ಷ ಹಿಡಿದದ್ದಕ್ಕೆ ಬೆಲೆ ತೆತ್ತರು. 1991ರಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅವರಿಗೆ ಹುದ್ದೆ ಕೊಡಲಿಲ್ಲ. ಇವರು ವಿದ್ವಾಂಸರಿಗಿಂತ ಹೋರಾಟಗಾರರು ಅನ್ನುವ ಅಭಿಪ್ರಾಯ ಪರಿಶೀಲನಾ ಕಡತಗಳಲ್ಲಿತ್ತು. ಅವರು ಕೋರ್ಟಿಗೆ ಹೋದರು. 1995ರಲ್ಲಿ ಜ್ಯೂರಿ ವಯಸ್ಸಿನ ಕಾರಣಕ್ಕೆ ತಾರತಮ್ಯ ಆಗಿದೆ ಅಂತ ಹೇಳಿ 3 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕೊಡಿಸಿತು. ಹುದ್ದೆ ಮಾತ್ರ ಸಿಗಲಿಲ್ಲ. ಪರಿಹಾರದ ಹಣವನ್ನು ಅವರು ಇಂಥದ್ದೇ ತಾರತಮ್ಯದ ಕೇಸು ನಡೆಸುವವರಿಗೆ ನೆರವಾಗುವ ಪ್ರತಿಷ್ಠಾನಕ್ಕೆ ಹಾಕಿದರು.

ಆಮೇಲೆ ಅರಿಜೋನಾ. 2010ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಒಂದು ಜನಾಂಗದ ಮೇಲೆ ಅಸಮಾಧಾನ ಹುಟ್ಟಿಸುವ ಪಾಠ ಮಾಡಬಾರದು ಅಂತ. ಕೇಳಲು ಚೆನ್ನಾಗಿದೆ. 2012ರ ಜನವರಿಯಲ್ಲಿ ಟೂಸಾನ್ ಊರಿನ ಶಾಲೆಗಳು ಸರ್ಕಾರದ ಅನುದಾನ ಕಳೆದುಕೊಳ್ಳುವ ಭಯದಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ತರಗತಿಗಳನ್ನೇ ಮುಚ್ಚಿದವು. ತರಗತಿಯಿಂದ ತೆಗೆದ ಪುಸ್ತಕಗಳಲ್ಲಿ 'ಆಕ್ಯುಪೈಡ್ ಅಮೆರಿಕ' ಕೂಡ ಇತ್ತು. 2017ರಲ್ಲಿ ಫೆಡರಲ್ ನ್ಯಾಯಾಧೀಶರು ಈ ಕ್ರಮದ ಹಿಂದೆ ಜನಾಂಗ ದ್ವೇಷ ಇತ್ತು ಅಂತ ತೀರ್ಪು ಕೊಟ್ಟರು. ಅಷ್ಟರಲ್ಲಿ ಐದು ಬ್ಯಾಚಿನ ಮಕ್ಕಳು ಆ ಪಾಠ ಇಲ್ಲದೆ ಶಾಲೆ ಮುಗಿಸಿ ಹೊರಗೆ ಹೋಗಿದ್ದರು.

ಅಕುನ್ಯಾ ಅವರ ಎಲ್ಲ ಮಾತನ್ನೂ ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಆ ಪುಸ್ತಕದ ಮೊದಲ ಆವೃತ್ತಿಯಲ್ಲಿ ಚಿಕಾನೋಗಳು ಅಮೆರಿಕದ ಒಳಗಿನ ವಸಾಹತು ಅನ್ನುವ ಚೌಕಟ್ಟಿನಲ್ಲಿ ಎಲ್ಲವನ್ನೂ ಕೂರಿಸಿದ್ದರು. ಎರಡನೇ ಆವೃತ್ತಿಯ ಹೊತ್ತಿಗೆ ಇಪ್ಪತ್ತನೇ ಶತಮಾನಕ್ಕೆ ಅದು ಹೊಂದುವುದಿಲ್ಲ ಅಂತ ಅವರೇ ಅದನ್ನು ಸಡಿಲಿಸಿದರು. ಹೆಂಗಸರ ಬಗ್ಗೆ ಮೊದಲು ಕಡಿಮೆ ಇತ್ತು, ಮುಂದೆ ಜಾಸ್ತಿ ಮಾಡಿದರು. ಪಕ್ಷ ಹಿಡಿದವರು ತಿದ್ದಿಕೊಳ್ಳುವುದಿಲ್ಲ ಅನ್ನುವವರಿಗೆ ಇದನ್ನು ತೋರಿಸಬೇಕು. ಪಕ್ಷ ಹಿಡಿಯದ ಇತಿಹಾಸ ಅಂತ ನಮಗೆ ಕಲಿಸಿದ್ದು ಏನು? ಕಚೇರಿಯ ಕಡತ ಓದು, ಗೆಜೆಟಿಯರ್ ಓದು, ದಿವಾನರ ಭಾಷಣ ಓದು. ಕಡತ ಬರೆದವರು ಯಾರು? ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಸರ್ ಎಂ.ವಿ. ಹೆಸರು ಪ್ರತಿ ಮಗುವಿಗೂ ಗೊತ್ತು, ಕಲ್ಲು ಹೊತ್ತ ಒಬ್ಬರ ಹೆಸರೂ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ. 1938ರ ಶಿವಪುರ ಧ್ವಜ ಸತ್ಯಾಗ್ರಹಕ್ಕೆ ಬಂದ ನಾಯಕರ ಹೆಸರು ಮದ್ದೂರಿನ ಸೌಧದಲ್ಲಿ ಸಿಗುತ್ತದೆ. ಹಳ್ಳಿಗಳಿಂದ ಬಂದವರಿಗೆ ಅಡುಗೆ ಮಾಡಿದ, ನೀರು ಹೊತ್ತ ಹೆಂಗಸರದ್ದು?

ಅದಕ್ಕೇ ಈಗ ನನ್ನ ವಿದ್ಯಾರ್ಥಿಗಳಿಗೆ ಕೊಡುವ ಪ್ರಾಜೆಕ್ಟ್ ಬೇರೆ. ಊರಿಗೆ ಹೋಗಿ 1974ರ ಸುತ್ತ ಏನಾಯಿತು ಅಂತ ಕೇಳಿ ಬರೆದುಕೊಂಡು ಬನ್ನಿ. ಯಾರು ಅರ್ಜಿ ಹಾಕಿದರು, ಯಾರಿಗೆ ಸಿಕ್ಕಿತು, ಯಾರು ಹೆದರಿ ಹಾಕಲಿಲ್ಲ, ಯಾರಿಗೆ ಹಾಕುವ ಹಕ್ಕೇ ಇರಲಿಲ್ಲ. ಮೇಲಿನ ಕೇರಿಯಲ್ಲಿ ಕೇಳಿದರೆ ಕೆಳಗಿನ ಕೇರಿಯಲ್ಲೂ ಕೇಳಿ. ಗಂಡಸರನ್ನು ಕೇಳಿದ ಮನೆಯಲ್ಲಿ ಹೆಂಗಸರನ್ನೂ ಬೇರೆಯಾಗಿ ಕೂರಿಸಿ ಕೇಳಿ. ಗಂಡಾಳಿಗೆ ಎಷ್ಟು ಕೂಲಿ, ಹೆಣ್ಣಾಳಿಗೆ ಎಷ್ಟು, ಅದನ್ನೂ ಬರೆಯಿರಿ. ಕೆಲವು ಮಕ್ಕಳ ಮನೆಯಲ್ಲಿ ಇದಕ್ಕೆ ಬೇಜಾರಾಗಿದೆ, ಹಳೇ ಜಗಳ ಯಾಕೆ ಕೆದಕುತ್ತೀರಿ ಅಂತ ಫೋನ್ ಮಾಡಿದವರಿದ್ದಾರೆ. ಜಮೀನು ಕಳೆದುಕೊಂಡವರ ಮನೆಯಿಂದ ಆ ಫೋನ್ ಬಂದಿಲ್ಲ.

ಓದಿದವರಲ್ಲಿ ಒಂದು ವಿನಂತಿ. ಮನೆಯ ಟ್ರಂಕಿನಲ್ಲಿ ಫಾರಂ 7ರ ನಕಲು, ನ್ಯಾಯಮಂಡಳಿಯ ಆದೇಶ, ಹಳೆಯ ಗೇಣಿ ಚೀಟಿ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ, ಫೋಟೋ ತೆಗೆದಿಡಿ. ವಜಾ ಆದ ಅರ್ಜಿ ಆಗಿದ್ದರೆ ಇನ್ನೂ ಜೋಪಾನ, ಅದು ಬೇರೆಲ್ಲೂ ಸಿಗುವುದು ಕಷ್ಟ. ಅದರ ಹಿಂದೆ ಪೆನ್ಸಿಲ್‌ನಲ್ಲಾದರೂ ಸರಿ, ಆ ಗದ್ದೆಯಲ್ಲಿ ಯಾರ್ಯಾರು ದುಡಿದರು ಅಂತ ಗೊತ್ತಿದ್ದಷ್ಟು ಹೆಸರು ಬರೆದಿಡಿ. ಕೂಲಿಗೆ ಬಂದವರದ್ದೂ.